ಶುಶ್ರೂಷಕಿಯರ ಅಂತರರಾಜ್ಯ ನೋಂದಣಿ

‘ಶುಶ್ರೂಷೆ’ ಎಂಬ ಶಬ್ದಕ್ಕೆ ಕೇಳುವ ಇಚ್ಛೆಯೆಂಬುದು ಮೂಲಾರ್ಥ, ಸೇವೆಯೆಂಬುದು ರೂಢಾರ್ಥ. ರೋಗಿಯ ನರಳಿಕೆಯನ್ನು ಕೇಳುವ ಕಿವಿಗೆ ರಾಜ್ಯದ ಎಲ್ಲೆಯಿಲ್ಲ, ನೋಂದಣಿಗೆ ಉಂಟು. ಶಿಕಾರಿಪುರ, ಸೊರಬಗಳಿಂದ ಗೋವೆಗೋ ಮುಂಬಯಿಗೋ ಉದ್ಯೋಗಾರ್ಥವಾಗಿ ಹೊರಡುವ ನರ್ಸು ಇದನ್ನು ಅರಿತಿರಬೇಕು. 1947ರ ಭಾರತೀಯ ಶುಶ್ರೂಷಾ ಪರಿಷತ್ತಿನ ಅಧಿನಿಯಮದಂತೆ, ಮಾನ್ಯತೆ ಪಡೆದ ವಿದ್ಯಾರ್ಹತೆಯು ಯಾವ ರಾಜ್ಯದ ನೋಂದಣಿಗೂ ಸಾಕೆನಿಸಿತು. ಆದರೆ ಅರ್ಹತೆ ಬೇರೆ, ನೋಂದಣಿ ಬೇರೆ. ಸಾಮಾನ್ಯವಾಗಿ ಕರ್ನಾಟಕ ರಾಜ್ಯದ ಪರಿಷತ್ತಿನಿಂದ ನಿರಾಕ್ಷೇಪಣಾ ಪತ್ರವನ್ನು ಪಡೆದು, ಹೋದ ರಾಜ್ಯದ ಪರಿಷತ್ತಿನಲ್ಲಿ ಹೆಸರು ಬರೆಯಿಸಬೇಕಾಗುತ್ತದೆ. ಪತ್ರ ತಡವಾದರೆ ದೊರೆತ ಕೆಲಸವೂ ಕೈತಪ್ಪೀತು. 2023ರಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಅಧಿನಿಯಮವು ರಾಜ್ಯದ ನೋಂದಣಿಪುಸ್ತಕದೊಡನೆ ರಾಷ್ಟ್ರೀಯ ನೋಂದಣಿಪುಸ್ತಕವನ್ನೂ ವಿಧಿಸಿದೆ. ಅಧ್ಯಾಪಕರು ಶಿಷ್ಯೆಯರಿಗೆ ಊರು ಬಿಡುವ ಮುನ್ನವೇ ಅರ್ಜಿ ಸಲ್ಲಿಸಲು ತಿಳಿಸಲಿ; ದಾನಿಗಳು ಬಡವರ ನೋಂದಣಿ ಶುಲ್ಕವನ್ನು ಭರಿಸಲಿ. ಅದೂ ವಿದ್ಯಾದಾನದ ಒಂದಂಗವೇ ಸರಿ.