ಊರೂ ಪಾಲುದಾರ: ಸಹಭಾಗಿ ಆರೋಗ್ಯ ಸಂಶೋಧನೆ

ಬೊಲಿವಿಯಾ ದೇಶದ ಬೆಟ್ಟಸೀಮೆಯಲ್ಲಿ ಇಂಕಿಸಿವಿ ಎಂಬ ಪ್ರಾಂತ್ಯವಿದೆ. 1990ರ ಸುಮಾರಿಗೆ ಅಲ್ಲಿ ಹೆರಿಗೆಗೆ ತುಸು ಮೊದಲು ಅಥವಾ ಹುಟ್ಟಿದ ಮೊದಲ ದಿನಗಳಲ್ಲಿ ಸಾಯುವ ಶಿಶುಗಳ ಸಂಖ್ಯೆ ಸಾವಿರಕ್ಕೆ 117 ಇತ್ತು. ‘ವಾರ್ಮಿ’ ಎಂಬ ಯೋಜನೆಯವರು ಆ ಹಳ್ಳಿಗಳಿಗೆ ಹೊಸ ಔಷಧಿಯನ್ನೇನೂ ಒಯ್ಯಲಿಲ್ಲ. ಹೆಂಗಸರನ್ನು ಗುಂಪುಗೂಡಿಸಿ, ನಿಮ್ಮ ಕೂಸುಗಳು ಯಾಕೆ ಸಾಯುತ್ತಿವೆ, ಏನು ಮಾಡಬಹುದು ಎಂದು ಅವರನ್ನೇ ಕೇಳಿದರು. ಕೆಲವೇ ವರ್ಷಗಳಲ್ಲಿ ಆ ಸಂಖ್ಯೆ 44ಕ್ಕೆ ಇಳಿಯಿತು. ಆದರೆ ಹೋಲಿಸಿ ನೋಡಲು ಯೋಜನೆಯಿಲ್ಲದ ಹಳ್ಳಿಗಳ ಲೆಕ್ಕ ಇರಲಿಲ್ಲ. ಇಳಿಕೆ ಗುಂಪುಗಳಿಂದಲೇ ಆಯಿತೋ, ಆ ವರ್ಷಗಳಲ್ಲಿ ಹೇಗೂ ಆಗುವುದಿತ್ತೋ ಎಂಬ ಅನುಮಾನ ಉಳಿಯಿತು. ಅನುಮಾನ ನ್ಯಾಯವಾದದ್ದೇ. ಮುಂದಿನ ಇಪ್ಪತ್ತು ವರ್ಷ ಏಷ್ಯಾ, ಆಫ್ರಿಕಾಗಳ ಹಲವು ಕಡೆ ಅದಕ್ಕೆ ಉತ್ತರ ಹುಡುಕಲಾಯಿತು. ಜನರನ್ನು ಸಂಶೋಧನೆಯಲ್ಲಿ ಪಾಲುದಾರರನ್ನಾಗಿ ಮಾಡಿಕೊಳ್ಳುವುದು ಸಂಶೋಧಕರ ಸೌಜನ್ಯಕ್ಕೆ ಬಿಟ್ಟ ಸಂಗತಿ ಎಂಬ ಭಾವನೆ ಈಗಲೂ ಇದೆ. ಆ ಪಾಲುದಾರಿಕೆಯೇ ಚಿಕಿತ್ಸೆಯಂತೆ ಕೆಲಸ ಮಾಡಬಲ್ಲದು, ಅದರ ಪ್ರಮಾಣ ತಪ್ಪಿದರೆ ಚಿಕಿತ್ಸೆಯಂತೆಯೇ ಸೋಲಲೂಬಲ್ಲದು ಎಂದು ಈ ಪ್ರಯೋಗಗಳು ತೋರಿಸಿಕೊಟ್ಟವು.

ಮೊದಲ ಬಿಗಿಯಾದ ಪರೀಕ್ಷೆ ನಡೆದದ್ದು ನೇಪಾಳದ ಮಕವಾನ್‌ಪುರ ಜಿಲ್ಲೆಯಲ್ಲಿ. ಅದರ ಫಲಿತಾಂಶ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಗುಂಪುಗಳಿದ್ದ ಕಡೆ ಮೊದಲ ತಿಂಗಳೊಳಗೆ ಸಾಯುವ ಕೂಸುಗಳು ಸಾವಿರಕ್ಕೆ 26.2, ಇಲ್ಲದ ಕಡೆ 36.9. ಅದೇ ವಿಧಾನವನ್ನು ಹಿಡಿದು ‘ಏಕಜುಟ್’ ಎಂಬ ಸಂಸ್ಥೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರ ಜೊತೆ ಸೇರಿ 2005ರಿಂದ 2008ರವರೆಗೆ ಜಾರ್ಖಂಡ್ ಮತ್ತು ಒಡಿಶಾದ ಮೂರು ಜಿಲ್ಲೆಗಳಲ್ಲಿ ಕೆಲಸ ಮಾಡಿತು. ಸುಮಾರು 2,28,000 ಜನಸಂಖ್ಯೆಯ ಪ್ರದೇಶವನ್ನು 36 ಭಾಗ ಮಾಡಿ, ಅವುಗಳಲ್ಲಿ ಹದಿನೆಂಟನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಅಲ್ಲಿ 244 ಮಹಿಳಾ ಗುಂಪುಗಳನ್ನು ನಡೆಸಲಾಯಿತು. ಮೂರು ವರ್ಷದ ಲೆಕ್ಕದಲ್ಲಿ ಹಸುಗೂಸುಗಳ ಸಾವು ಶೇಕಡಾ 32ರಷ್ಟು ಕಡಿಮೆ. ಮೊದಲ ವರ್ಷ ಬಿಟ್ಟು ನೋಡಿದರೆ ಶೇಕಡಾ 45. ಮೂರನೆಯ ವರ್ಷದಲ್ಲಿ ಬಾಣಂತಿಯರಲ್ಲಿ ಮಧ್ಯಮ ಮಟ್ಟದ ಖಿನ್ನತೆಯೂ ಶೇಕಡಾ 57ರಷ್ಟು ತಗ್ಗಿತ್ತು. ಗುಂಪಿನಲ್ಲಿ ಖಿನ್ನತೆಗೆಂದು ಯಾವ ಚಿಕಿತ್ಸೆಯೂ ಇರಲಿಲ್ಲ. ನಾಲ್ಕು ಜನ ಕೂತು ಕಷ್ಟ ಹೇಳಿಕೊಂಡು ಪರಿಹಾರಕ್ಕೆ ಕೈಹಾಕುವುದೇ ಮನಸ್ಸಿಗೂ ಆರೈಕೆಯಾಗುತ್ತದೆ ಎಂದು ಊಹಿಸಲು ಅಡ್ಡಿಯಿಲ್ಲ.

ಈ ಗುಂಪುಗಳಲ್ಲಿ ನಡೆಯುತ್ತಿದ್ದುದೇನು? ತಿಂಗಳಿಗೊಂದು ಸಭೆ, ಎಲ್ಲ ಸೇರಿ ಇಪ್ಪತ್ತು. ನಡೆಸುವವಳು ಅದೇ ಸೀಮೆಯ ಹೆಣ್ಣುಮಗಳು, ದಾದಿಯೂ ಅಲ್ಲ, ಡಾಕ್ಟರೂ ಅಲ್ಲ. ಸಭೆಯಲ್ಲಿ ಚಿತ್ರದ ಕಾರ್ಡುಗಳನ್ನು ಹರಡುತ್ತಾರೆ: ಜ್ವರ ಬಂದ ಬಾಣಂತಿ, ಹಾಲು ಕುಡಿಯದ ಕೂಸು, ತೀರ ಸಣ್ಣದಾಗಿ ಹುಟ್ಟಿದ ಮಗು. ನಮ್ಮೂರಲ್ಲಿ ಯಾವುದು ಹೆಚ್ಚು ಎಂದು ಹೆಂಗಸರೇ ಆರಿಸುತ್ತಾರೆ. ಆಮೇಲೆ ಒಂದು ಕಥೆ. ಕಥೆಯಲ್ಲಿ ಕೂಸು ತೀರಿಕೊಳ್ಳುತ್ತದೆ. ಯಾಕೆ? ಮೈ ತಣ್ಣಗಾಗಿತ್ತು. ಆದರೆ ಅದು ಯಾಕೆ? ಹುಟ್ಟಿದ ಕೂಡಲೇ ನೀರು ಹೊಯ್ದರು, ಬಟ್ಟೆ ಸುತ್ತಲಿಲ್ಲ. ಅದಾದರೂ ಯಾಕೆ? ಎಲ್ಲರ ಕಣ್ಣು ತಾಯಿಯ ಮಾಸು ಬೀಳುವುದರ ಮೇಲಿತ್ತು, ಕೂಸು ನೆಲದ ಮೇಲಿತ್ತು. ಹೀಗೆ ‘ಯಾಕೆ’ಗಳು ಮುಂದುವರಿದು, ಕೊನೆಗೆ ಬಡತನ, ಅತ್ತೆಯ ಮಾತು, ದುಡ್ಡಿಗಾಗಿ ಗಂಡನ ಕಡೆ ನೋಡಬೇಕಾದ ಸ್ಥಿತಿ, ಎಲ್ಲವೂ ಮಾತಿಗೆ ಬರುತ್ತವೆ. ಪರಿಹಾರವನ್ನೂ ಅವರೇ ಗೊತ್ತುಮಾಡುತ್ತಾರೆ. ನೇಪಾಳದ ಗುಂಪುಗಳು ತುರ್ತಿಗೆಂದು ದುಡ್ಡು ಕೂಡಿಟ್ಟವು, ಗರ್ಭಿಣಿಯರನ್ನು ಹೊತ್ತೊಯ್ಯಲು ಸ್ಟ್ರೆಚರ್ ಇಟ್ಟುಕೊಂಡವು. ಜಾರ್ಖಂಡ್-ಒಡಿಶಾದಲ್ಲಿ ಆಸ್ಪತ್ರೆಗೆ ಹೋಗುವವರ ಸಂಖ್ಯೆ ಹೇಳಿಕೊಳ್ಳುವಷ್ಟು ಹೆಚ್ಚಲೇ ಇಲ್ಲ. ಬದಲಾದದ್ದು ಮನೆಯೊಳಗಿನ ಹೆರಿಗೆ. ಸೂಲಗಿತ್ತಿ ಕೈ ತೊಳೆದುಕೊಂಡಳು, ಹೊಕ್ಕುಳಬಳ್ಳಿಗೆ ಕುದಿಸಿದ ದಾರ ಬಂತು. ನಗರದಲ್ಲಿ ಕೂತು ಯೋಜನೆ ಬರೆಯುವವರಾಗಿದ್ದರೆ ‘ಎಲ್ಲರೂ ಆಸ್ಪತ್ರೆಗೆ ಬನ್ನಿ’ ಎಂಬ ಪೋಸ್ಟರಿನಿಂದ ಶುರುಮಾಡುತ್ತಿದ್ದರು. ಆಸ್ಪತ್ರೆ ಹತ್ತಿರ ಬರುವವರೆಗೆ ಕಾಯಲಾಗದ ಕೂಸು ಮನೆಯಲ್ಲೇ ಬದುಕಬೇಕಲ್ಲ ಎಂಬುದು ಅಲ್ಲಿದ್ದವರಿಗೆ ಹೊಳೆಯಿತು.

ವಿಜ್ಞಾನದ ಕಡೆಯಿಂದ ಬರುವ ಆಕ್ಷೇಪ ಇದು: ಪರೀಕ್ಷೆಗೆ ಒಳಗಾಗುವವರೇ ಪರೀಕ್ಷಕರಾದರೆ ಫಲಿತಾಂಶವನ್ನು ನಂಬುವುದು ಹೇಗೆ? ತಮ್ಮ ಊರಿಗೆ ಒಳ್ಳೆಯ ಹೆಸರು ಬರಲೆಂದು ಸಾವುಗಳನ್ನು ಮುಚ್ಚಿಡುವುದಿಲ್ಲವೇ? ಪಾಲುದಾರಿಕೆ ಎಂದರೆ ಎಲ್ಲರೂ ಎಲ್ಲವನ್ನೂ ಮಾಡುವುದಲ್ಲ ಎಂಬುದೇ ಇದಕ್ಕೆ ಉತ್ತರ. ಯಾವ ಸಮಸ್ಯೆ ಮುಖ್ಯ, ಯಾವ ಪರಿಹಾರ ನಮ್ಮಿಂದ ಸಾಧ್ಯ ಎಂಬ ತೀರ್ಮಾನ ಊರಿನದು. ಎಣಿಕೆ ಬೇರೆಯವರದು. ಏಕಜುಟ್ ಪ್ರಯೋಗದಲ್ಲಿ ಗುಂಪು ಇದ್ದ ಕಡೆ, ಇಲ್ಲದ ಕಡೆ ಎರಡರಲ್ಲೂ ಹುಟ್ಟು-ಸಾವಿನ ಸುದ್ದಿ ಕೊಡುವವರು ಒಬ್ಬರು, ಹೆರಿಗೆಯಾದ ಆರು ವಾರದ ಹೊತ್ತಿಗೆ ಮನೆಗೆ ಹೋಗಿ ವಿಚಾರಿಸುವವರು ಇನ್ನೊಬ್ಬರು. ಹೋಲಿಕೆಯ ಹಳ್ಳಿಗಳನ್ನು ಬರಿಗೈಯಲ್ಲಿ ಬಿಡಲೂ ಇಲ್ಲ, ಆರೋಗ್ಯ ಸಮಿತಿಗಳನ್ನು ಎರಡೂ ಕಡೆ ಕಟ್ಟಲಾಯಿತು.

ಇದಕ್ಕಿಂತ ದೊಡ್ಡ ಪರೀಕ್ಷೆ ಬಾಂಗ್ಲಾದೇಶದಲ್ಲಿ ಎದುರಾಯಿತು. ಏಕಜುಟ್‌ನ ಫಲಿತಾಂಶ ಹೊರಬಿದ್ದ 2010ರಲ್ಲೇ, ಅದೇ ವಿಧಾನ ಅಲ್ಲಿ ಯಾವ ಪರಿಣಾಮವನ್ನೂ ತೋರಲಿಲ್ಲ ಎಂಬ ವರದಿಯೂ ಬಂತು. ಹೊಗಳಿಕೆಯ ಬರಹಗಳಲ್ಲಿ ಈ ಭಾಗ ಹೆಚ್ಚಾಗಿ ಬಿಟ್ಟುಹೋಗುತ್ತದೆ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತಿ ಬೆಲೆಯುಳ್ಳ ಪುಟ ಇದೇ. ಮಕವಾನ್‌ಪುರದಲ್ಲಿ 756 ಜನರಿಗೆ ಒಂದು ಗುಂಪು ಇತ್ತು, ಏಕಜುಟ್ ಪ್ರದೇಶದಲ್ಲಿ 468 ಜನರಿಗೆ ಒಂದು. ಬಾಂಗ್ಲಾದೇಶದಲ್ಲಿ 1,414 ಜನರಿಗೆ ಒಂದು! ಗರ್ಭಿಣಿಯರಲ್ಲಿ ಹೆಚ್ಚಿನವರು ಸಭೆಯ ಮುಖವನ್ನೇ ನೋಡಿರಲಿಲ್ಲ. ಸಂಶೋಧಕರು ವಿಧಾನವನ್ನು ಕೈಬಿಡದೆ ಗುಂಪುಗಳನ್ನು ಹೆಚ್ಚಿಸಿ ಮತ್ತೆ ಪರೀಕ್ಷಿಸಿದರು. 2013ರ ವರದಿಯಲ್ಲಿ ಹಸುಗೂಸುಗಳ ಸಾವು ಶೇಕಡಾ 38ರಷ್ಟು ಇಳಿದಿತ್ತು. ಅದೇ ವರ್ಷ ಇಂಥ ಏಳು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದಾಗ, ಗರ್ಭಿಣಿಯರಲ್ಲಿ ಕನಿಷ್ಠ ಶೇಕಡಾ 30 ಮಂದಿ ಪಾಲ್ಗೊಂಡ ಕಡೆಗಳಲ್ಲೇ ಲಾಭ ದೊಡ್ಡದು ಎಂಬುದು ಸ್ಪಷ್ಟವಾಯಿತು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ವಿಧಾನವನ್ನು ಶಿಫಾರಸು ಮಾಡಿತು. ಹೆಸರಿಗೆ ನಾಲ್ಕು ಜನರನ್ನು ಸಭೆಗೆ ಕರೆದು ಹಾಜರಿ ಪುಸ್ತಕ ತುಂಬಿಸುವ ‘ಜನಸಹಭಾಗಿತ್ವ’ದಿಂದ ಏನೂ ಆಗುವುದಿಲ್ಲ ಎನ್ನುವುದಕ್ಕೆ ಹೀಗೆ ಅಂಕಿಸಂಖ್ಯೆಯ ಆಧಾರವೇ ಸಿಕ್ಕಿತು.

ಹಾಗಾದರೆ ತಜ್ಞರಿಗೆ ಕೆಲಸವಿಲ್ಲವೇ? ಇದೆ, ಆದರೆ ಬೇರೆ ಬಗೆಯದು. ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಕಟ್ಟಿದ ‘ಸರ್ಚ್’ ಸಂಸ್ಥೆ ಮಕ್ಕಳ ನ್ಯುಮೋನಿಯಾವನ್ನು ಹಳ್ಳಿಯಲ್ಲೇ ಗುರುತಿಸಲು ಹೊರಟಾಗ, ಮಗು ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತದೆ ಎಂದು ಸೂಲಗಿತ್ತಿಯರು ಎಣಿಸಬೇಕಿತ್ತು. ಐವತ್ತು ಅರವತ್ತರವರೆಗೆ ಎಣಿಸಲು ಅವರಿಗೆ ಬರುತ್ತಿರಲಿಲ್ಲ. ಅದಕ್ಕೆಂದೇ ಒಂದು ಸಾಧನ ತಯಾರಾಯಿತು. ಅದರಲ್ಲಿ ಒಂದು ನಿಮಿಷದ ಮರಳುಗಡಿಯಾರ, ಪಕ್ಕದಲ್ಲಿ ಮಣಿಗಳ ಸಾಲು. ಹತ್ತು ಉಸಿರಿಗೆ ಒಂದು ಮಣಿ ಸರಿಸುವುದು, ಮರಳು ಖಾಲಿಯಾಗುವ ಮೊದಲೇ ಕೆಂಪು ಮಣಿ ಬಂದರೆ ನ್ಯುಮೋನಿಯಾ. ಎಣಿಕೆ ಬಾರದವಳನ್ನು ಕೈಬಿಡುವ ಬದಲು ಎಣಿಕೆಯನ್ನೇ ಅವಳ ಕೈಗೆ ಒಗ್ಗುವಂತೆ ಮಾಡಿದ್ದು ಇಲ್ಲಿ ತಜ್ಞರ ಜಾಣ್ಮೆ. ಮುಂದೆ ಇದೇ ಸಂಸ್ಥೆ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು, ನಂಜು ತಗುಲಿದ ಕೂಸಿಗೆ ಇಂಜೆಕ್ಷನ್ ಸೇರಿದಂತೆ ಮನೆಯಲ್ಲೇ ಆರೈಕೆ ಮಾಡಿಸಿತು. 39 ಹಳ್ಳಿಗಳಲ್ಲಿ ಹಸುಗೂಸುಗಳ ಸಾವು ಸಾವಿರಕ್ಕೆ 62ರಿಂದ ಸುಮಾರು 25ಕ್ಕೆ ಇಳಿಯಿತು ಎಂದು 1999ರಲ್ಲಿ ವರದಿಯಾಯಿತು. ಇಂದು ಕರ್ನಾಟಕದ ಆಶಾ ಕಾರ್ಯಕರ್ತೆ ಹೆರಿಗೆಯಾದ ಮೂರನೆಯ ದಿನ, ಏಳನೆಯ ದಿನ, ಹೀಗೆ ನಲವತ್ತೆರಡನೆಯ ದಿನದವರೆಗೆ ಬಾಣಂತಿಯ ಮನೆಗೆ ಹೋಗುತ್ತಾಳಲ್ಲ, ಆ ಭೇಟಿಗಳ ಮೂಲ ಗಡ್‌ಚಿರೋಲಿಯ ಈ ಕೆಲಸ.

ಇಲ್ಲಿ ಎದ್ದೇಳುವ ರಾಜಕೀಯ ಆಕ್ಷೇಪವನ್ನು ತಳ್ಳಿಹಾಕುವುದು ಸುಲಭವಲ್ಲ. ಸರ್ಕಾರ ಡಾಕ್ಟರು, ರಸ್ತೆ, ಆಂಬುಲೆನ್ಸ್ ಕೊಡಬೇಕಾದ ಕಡೆ ಬಡ ಹೆಂಗಸರ ತಲೆಗೆ ಹೊಣೆ ಕಟ್ಟಿ ಅದಕ್ಕೆ ‘ಸಬಲೀಕರಣ’ ಎಂದು ಹೆಸರಿಡುವ ಅಪಾಯ ಇದ್ದೇ ಇದೆ. ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ ಮತ್ತೆ ಮತ್ತೆ ಬೀದಿಗಿಳಿಯಬೇಕಾಗಿ ಬಂದಿರುವುದು ಈ ಅಪಾಯ ಬರೀ ಕಲ್ಪನೆಯಲ್ಲ ಎನ್ನುವುದಕ್ಕೆ ಸಾಕ್ಷಿ. ದುಡಿಮೆ ಸಮುದಾಯದ್ದು, ದುಡ್ಡು ಬೇರೆಡೆಯದು ಎಂದಾದರೆ ಅದು ಪಾಲುದಾರಿಕೆಯಲ್ಲ, ಬಿಟ್ಟಿ ಚಾಕರಿ. ಆದರೂ ಗುಂಪುಗಳ ಲಾಭ ಯಾರಿಗೆ ಹೆಚ್ಚು ಸಿಕ್ಕಿತು ಎಂದು ಏಕಜುಟ್‌ನ ಅಂಕಿಗಳನ್ನು ಮತ್ತೆ ಜಾಲಾಡಿದಾಗ, ಸಾವಿನ ಇಳಿಕೆ ತೀರ ಅಂಚಿನಲ್ಲಿದ್ದ ಕುಟುಂಬಗಳಲ್ಲೇ ಹೆಚ್ಚಾಗಿತ್ತು. ಸೌಲಭ್ಯ ಬಂದಾಗ ಮೊದಲು ಉಳ್ಳವರ ಮನೆಗೇ ತಲುಪುವುದು ವಾಡಿಕೆ. ಇಲ್ಲಿ ಅದು ತಿರುವುಮುರುವಾಯಿತು. ಸರ್ಕಾರದ ಹೊಣೆಯನ್ನು ಬಿಟ್ಟುಕೊಡದೆಯೇ ಈ ಲಾಭವನ್ನು ಉಳಿಸಿಕೊಳ್ಳಬಹುದು. ಅದಕ್ಕೆ ಸಭೆ ನಡೆಸುವವಳ ಸಂಬಳ ಬಜೆಟ್ಟಿನಲ್ಲಿ ಬರಬೇಕು.

ವಿಧಾನ ಎಲ್ಲ ಕಡೆಗೂ ಸಲ್ಲುತ್ತದೆಂದಲ್ಲ. ಮುಂಬಯಿಯ ಕೊಳೆಗೇರಿಗಳಲ್ಲಿ ಇಂಥ ಗುಂಪುಗಳಿಂದ ಸಾವು ಕಡಿಮೆಯಾಗಲಿಲ್ಲ, ಅಲ್ಲಿ ಬಹುಪಾಲು ಹೆರಿಗೆಗಳು ಆಗಲೇ ಆಸ್ಪತ್ರೆಯಲ್ಲಿ ಆಗುತ್ತಿದ್ದವು. ಕರ್ನಾಟಕದ ಮಟ್ಟಿಗೆ ಇದು ನೆನಪಿಡಬೇಕಾದ ಮಾತು, ಯಾಕೆಂದರೆ ನಮ್ಮಲ್ಲೂ ಈಗ ಮನೆ ಹೆರಿಗೆ ಅಪರೂಪ. ಜಾರ್ಖಂಡದ ಪ್ರಶ್ನೆಯನ್ನೇ ನಾವು ನಕಲು ಮಾಡಿ ಪ್ರಯೋಜನವಿಲ್ಲ, ಕೇಳುವ ರೀತಿಯನ್ನು ತರಬೇಕು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆ. ಕಬ್ಬಿಣಾಂಶದ ಮಾತ್ರೆ ಎಷ್ಟು ಹಂಚಿದೆವು ಎಂಬ ಲೆಕ್ಕ ಇಲಾಖೆಯಲ್ಲಿರುತ್ತದೆ. ಹಂಚಿದ ಮಾತ್ರೆ ಯಾಕೆ ಗೂಡಿನಲ್ಲೇ ಉಳಿಯುತ್ತದೆ ಎಂಬುದು ಮನೆಯ ಹೆಂಗಸರಿಗೆ ಮಾತ್ರ ಗೊತ್ತು. ಅವರನ್ನು ಸೇರಿಸಿಕೊಂಡು ‘ಯಾಕೆ’ ಎಂದು ಕೇಳಲು ವೇದಿಕೆ ಹೊಸದಾಗಿ ಕಟ್ಟಬೇಕಿಲ್ಲ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಎಂಬುದೊಂದು ಈಗಾಗಲೇ ಇದೆ, ಅದಕ್ಕೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿಗೂ ಅವಕಾಶವಿದೆ. ನಿಮ್ಮ ಊರಿನಲ್ಲಿ ಆ ಸಮಿತಿ ಕೊನೆಯ ಸಲ ಸೇರಿದ್ದು ಯಾವಾಗ, ಏನು ತೀರ್ಮಾನಿಸಿತು ಎಂದು ಪಂಚಾಯಿತಿಯಲ್ಲಿ ವಿಚಾರಿಸಿ. ಮುಂದಿನ ಸಲ ಯಾರಾದರೂ ಆರೋಗ್ಯ ಸಮೀಕ್ಷೆಗೆಂದು ಮನೆ ಬಾಗಿಲಿಗೆ ಬಂದರೆ, ಉತ್ತರ ಹೇಳುವ ಮುಂಚೆ ಈ ಪ್ರಶ್ನೆಗಳನ್ನು ಆರಿಸಿದವರು ಯಾರು, ಇದರ ಫಲಿತಾಂಶವನ್ನು ನಮ್ಮೂರ ಸಭೆಯಲ್ಲಿ ಯಾವತ್ತು ಹೇಳುತ್ತೀರಿ ಎಂದೂ ಕೇಳಿ.