ಕಬ್ಬಿನ ಎಲೆ, ತಂಬಾಕಿನ ಎಲೆ: ಇಂಗಾಲ ಸಂಗ್ರಹದ ಎರಡು ಮಾರ್ಗಗಳು

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ನೀರಾವರಿ ಹೊಲಗಳಲ್ಲಿ ಕಬ್ಬು ಪ್ರಧಾನವಾದ ಬೆಳೆ. ನಿಪ್ಪಾಣಿಯು ತಂಬಾಕಿಗೆ ಹೆಸರಾದ ಪೇಟೆ. ಇತಿಹಾಸದ ವಿದ್ಯಾರ್ಥಿಗೆ ಇವುಗಳ ಪರಿಚಯವು 1939ರಲ್ಲಿ ಸ್ಥಾಪಿತವಾದ ಉಗಾರದ ಸಕ್ಕರೆ ಕಾರ್ಖಾನೆಯಿಂದಲೂ 1981ರ ನಿಪ್ಪಾಣಿಯ ತಂಬಾಕು ಬೆಳೆಗಾರರ ಚಳವಳಿಯಿಂದಲೂ ಉಂಟು. ಆದರೆ ಒಂದೇ ಬಿಸಿಲಿನಲ್ಲಿ ಬೆಳೆಯುವ ಈ ಎರಡು ಸಸ್ಯಗಳು ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವನ್ನು ಹಿಡಿಯುವ ಕ್ರಮ ಬೇರೆ ಬೇರೆ. ಆ ಭೇದವನ್ನೂ ಅದು ತಿಳಿದುಬಂದ ಬಗೆಯನ್ನೂ ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗಿದೆ.

ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ಬರ್ಕ್ಲಿಯಲ್ಲಿ ಮೆಲ್ವಿನ್ ಕ್ಯಾಲ್ವಿನ್, ಆಂಡ್ರ್ಯೂ ಬೆನ್ಸನ್ ಹಾಗೂ ಆಗ ಡಾಕ್ಟರೇಟ್ ವಿದ್ಯಾರ್ಥಿಯಾಗಿದ್ದ ಜೇಮ್ಸ್ ಬ್ಯಾಶಮ್ ಇವರು ಹಸುರು ಪಾಚಿಗೆ ವಿಕಿರಣಶೀಲ ಇಂಗಾಲವನ್ನು ಉಣಿಸಿ, ಅದು ಮೊದಲು ಮೂರು ಇಂಗಾಲದ ಪರಮಾಣುಗಳುಳ್ಳ ಆಮ್ಲದಲ್ಲಿ ಸೇರುವುದೆಂದು ತೋರಿಸಿದರು. ಕ್ಯಾಲ್ವಿನ್ ಅವರಿಗೆ 1961ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ತಂಬಾಕಿನದೂ ಇದೇ ಮಾರ್ಗ. ಇದರಲ್ಲೊಂದು ನ್ಯೂನತೆಯುಂಟು: ಇಂಗಾಲಾಮ್ಲವನ್ನು ಹಿಡಿಯತಕ್ಕ ಕಿಣ್ವವು ಆಗಾಗ ಆಮ್ಲಜನಕವನ್ನೇ ಹಿಡಿಯುತ್ತದೆ. ಉಷ್ಣತೆ ಏರಿದಂತೆ ಈ ನಷ್ಟವೂ ಏರುತ್ತದೆ.

ಕಬ್ಬಿನಲ್ಲಿ ಇದಕ್ಕೆ ಪರಿಹಾರವಿದೆ. ಎಲೆಯ ಹೊರಭಾಗದ ಕೋಶಗಳಲ್ಲಿ ಬೇರೊಂದು ಕಿಣ್ವವು ಇಂಗಾಲಾಮ್ಲವನ್ನು ಹಿಡಿದು ನಾಲ್ಕು ಇಂಗಾಲದ ಆಮ್ಲವನ್ನು ರಚಿಸುತ್ತದೆ. ಈ ಆಮ್ಲವು ಎಲೆಯ ನರಗಳನ್ನು ಸುತ್ತುವರಿದ ಕೋಶಗಳಿಗೆ ಸಾಗಿ, ಅಲ್ಲಿ ಇಂಗಾಲಾಮ್ಲವನ್ನು ಬಿಟ್ಟುಕೊಡುತ್ತದೆ. ಅದು ಅಲ್ಲಿ ದಟ್ಟವಾಗಿರುವುದರಿಂದ ಮೊದಲಿನ ಕಿಣ್ವವು ಆಮ್ಲಜನಕವನ್ನು ಹಿಡಿಯುವುದು ವಿರಳ. ಜೋಳ, ಗೋವಿನಜೋಳಗಳೂ ಇದೇ ವರ್ಗಕ್ಕೆ ಸೇರಿದವು.

ಕಬ್ಬಿನ ಈ ವೈಶಿಷ್ಟ್ಯವನ್ನು ಮೊದಲು ಕಂಡವರು ಹವಾಯಿ ದ್ವೀಪಗಳ ಕಬ್ಬು ಬೆಳೆಗಾರರ ಪ್ರಯೋಗಶಾಲೆಯ ಕೊರ್ಟ್‌ಷಾಕ್, ಹಾರ್ಟ್ ಮತ್ತು ಬರ್. ಆದರೆ ಅವರ ಫಲಿತಾಂಶಗಳು ಕೆಲವು ವರ್ಷ ಆ ಸಂಸ್ಥೆಯ ವಾರ್ಷಿಕ ವರದಿಗಳಲ್ಲಿಯೇ ಉಳಿದು, 1965ರಲ್ಲಿ ವಿದ್ವತ್ಪತ್ರಿಕೆಯನ್ನು ಸೇರಿದವು. ರಷ್ಯದ ಕಾರ್ಪಿಲೊವ್ 1960ರಲ್ಲಿಯೇ ಗೋವಿನಜೋಳದ ಬಗೆಗೆ ಇಂಥದೇ ಸಂಗತಿಯನ್ನು ಪ್ರಕಟಿಸಿದ್ದರೂ ಅದು ಹೊರಗೆ ಅಜ್ಞಾತವಾಗಿತ್ತು. 1966ರಿಂದ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಈ ಕ್ರಿಯೆಯನ್ನು ವಿಶದಪಡಿಸಿದರು. ಮಾರ್ಗಕ್ಕೆ ಅವರ ಹೆಸರೇ ನಿಂತಿತು.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಹೇಳಬೇಕು. ಪಡೆದ ಇಂಗಾಲದ ಪ್ರಮಾಣಕ್ಕೆ ಹೋಲಿಸಿದರೆ ಕಬ್ಬಿನ ಎಲೆ ಕಳೆದುಕೊಳ್ಳುವ ನೀರು ಕಡಮೆ. ಆದರೂ ವರ್ಷವಿಡೀ ಹೊಲದಲ್ಲಿ ನಿಲ್ಲುವ ಬೆಳೆಯಾದುದರಿಂದ ಅದಕ್ಕೆ ಒಟ್ಟು ಬೇಕಾಗುವ ನೀರು ಬಹಳ. ನೀರು ಬಸಿದು ಹೋಗದ ಕಪ್ಪು ನೆಲಕ್ಕೆ ಮಿತಿಮೀರಿ ನೀರುಣಿಸಿದರೆ ಭೂಮಿ ಸವಳಾಗುತ್ತದೆ. ಎಲೆಯ ಮಿತವ್ಯಯವನ್ನು ಹೊಲದ ಮಿತವ್ಯಯವೆಂದು ಭಾವಿಸಲಾಗದು. ಈ ಪ್ರದೇಶದಲ್ಲಿ ಕಬ್ಬಿಗೆ ಹರಿಸಿದ ನೀರು, ಬಂದ ಇಳುವರಿ, ಸವಳಾದ ನೆಲ ಇವುಗಳನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಕಾರ್ಖಾನೆಗಳ ಮತ್ತು ಕೃಷಿ ಸಂಸ್ಥೆಗಳ ಹಳೆಯ ವರದಿಗಳನ್ನೂ ಶೋಧಿಸಬೇಕು. ಹವಾಯಿಯ ಸಂಗತಿಯು ಬಹುಕಾಲ ಅಡಗಿದ್ದುದು ಅಂಥ ವರದಿಗಳಲ್ಲಿಯೇ.