ಹೊಗೆಯ ಲೆಕ್ಕ ಯಾರ ಪಾಲಿಗೆ?

ತನ್ನ ಅಂಗಳದ ಕಸವನ್ನು ಗುಡಿಸಿ ಬೀದಿಗೆ ತಳ್ಳಿದವನು ‘ನನ್ನ ಅಂಗಳ ಸ್ವಚ್ಛವಾಗಿದೆ’ ಎಂದರೆ ಆ ಮಾತು ಸುಳ್ಳಲ್ಲ. ಆದರೆ ಅದು ಅರ್ಧ ಸತ್ಯ. ಭೂಮಿಯ ತಾಪ ಏರುತ್ತಿರುವ ಈ ಕಾಲದಲ್ಲಿ ದೊಡ್ಡ ಉದ್ಯಮಗಳು ಒಪ್ಪಿಸುವ ಹೊಗೆಯ ಲೆಕ್ಕವನ್ನು ಓದುವಾಗ ಈ ಅರ್ಧ ಸತ್ಯದ ಪ್ರಶ್ನೆ ಏಳುತ್ತದೆ.

ಬ್ರಿಟನ್ನಿನ ಬಿಎಇ ಸಿಸ್ಟಮ್ಸ್ ಯೂರೋಪಿನ ಅತಿ ದೊಡ್ಡ ಶಸ್ತ್ರ ತಯಾರಿಕಾ ಸಂಸ್ಥೆಗಳಲ್ಲೊಂದು. ಬ್ಯಾರೋ ಪಟ್ಟಣದಲ್ಲಿ ಅಣುಶಕ್ತಿಯ ಜಲಾಂತರ್ಗಾಮಿಗಳನ್ನೂ, ಲ್ಯಾಂಕಶೈರಿನ ವಾರ್ಟನ್‌ನಲ್ಲಿ ಟೈಫೂನ್ ಯುದ್ಧವಿಮಾನಗಳನ್ನೂ ಅದು ನಿರ್ಮಿಸುತ್ತದೆ. 2030ರ ವೇಳೆಗೆ ತನ್ನ ಕಾರ್ಯಾಚರಣೆಗಳ ಇಂಗಾಲ ಉತ್ಸರ್ಜನೆಯನ್ನು ‘ನಿವ್ವಳ ಶೂನ್ಯ’ಕ್ಕೆ ಇಳಿಸುವುದಾಗಿ ಈ ಸಂಸ್ಥೆ 2021ರಲ್ಲಿ ಘೋಷಿಸಿತು. ಪೂರೈಕೆದಾರರಿಂದ ಬಳಕೆದಾರರವರೆಗಿನ ಇಡೀ ಸರಪಳಿಗೆ 2050ರ ಗುರಿಯನ್ನು ಇಟ್ಟುಕೊಂಡಿತು.

ಇವೆರಡು ಗುರಿಗಳ ನಡುವಿನ ಅಂತರವನ್ನು ಗಮನಿಸಬೇಕು. ಉದ್ಯಮಗಳ ಉತ್ಸರ್ಜನೆಯನ್ನು ಮೂರು ಭಾಗಗಳಾಗಿ ಎಣಿಸುವುದು ರೂಢಿ. ಸಂಸ್ಥೆ ತಾನೇ ಸುಡುವ ಇಂಧನ ಮೊದಲನೆಯದು; ಕೊಂಡ ವಿದ್ಯುತ್ತು ಎರಡನೆಯದು; ಪೂರೈಕೆದಾರರ ಹೊಗೆ ಹಾಗೂ ಮಾರಿದ ವಸ್ತು ಬಳಕೆಯಲ್ಲಿ ಉಗುಳುವ ಹೊಗೆ ಮೂರನೆಯದು. 2030ರ ಗುರಿ ಮೊದಲ ಎರಡಕ್ಕೆ ಮಾತ್ರ ಸಂಬಂಧಿಸಿದ್ದು. ಯುದ್ಧವಿಮಾನ ತಯಾರಕರ ಪಾಲಿಗಾದರೋ ಭಾರವಾದದ್ದು ಮೂರನೆಯ ಭಾಗವೇ. ಟೈಫೂನ್ ತನ್ನ ಒಡಲಲ್ಲಿ ಸುಮಾರು 5 ಟನ್ ಇಂಧನ ತುಂಬಿಕೊಳ್ಳುತ್ತದೆ. ಒಂದು ಕಿಲೋ ವಿಮಾನ ಇಂಧನ ಉರಿದರೆ 3 ಕಿಲೋಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಅಂದರೆ ಅಷ್ಟೂ ಇಂಧನ ಮುಗಿಯುವ ಒಂದೇ ಹಾರಾಟಕ್ಕೆ 15 ಟನ್ನಿಗೂ ಮಿಕ್ಕಿದ ಅನಿಲ! ಅಂತಹ ವಿಮಾನ ದಶಕಗಳ ಕಾಲ ಹಾರುತ್ತದೆ.

ಹಾಗಾದರೆ ಆ ಹೊಗೆಯನ್ನು ರಾಷ್ಟ್ರಗಳಾದರೂ ಎಣಿಸುತ್ತವೆಯೆ? 1997ರ ಕ್ಯೋಟೊ ಒಪ್ಪಂದದ ವೇಳೆ, ಅಮೆರಿಕದ ಒತ್ತಾಯದ ಮೇರೆಗೆ, ಸೇನೆಗಳ ಉತ್ಸರ್ಜನೆಯ ದೊಡ್ಡ ಪಾಲಿಗೆ ವಿನಾಯಿತಿ ದೊರೆಯಿತು. 2015ರ ಪ್ಯಾರಿಸ್ ಒಪ್ಪಂದವು ವರದಿಯನ್ನು ಆಯಾ ರಾಷ್ಟ್ರದ ಇಚ್ಛೆಗೆ ಬಿಟ್ಟಿತು. ಜಗತ್ತಿನ ಒಟ್ಟು ಉತ್ಸರ್ಜನೆಯಲ್ಲಿ ಸೇನೆಗಳ ಪಾಲು ಶೇಕಡ 5.5ರಷ್ಟಿರಬಹುದೆಂದು 2022ರಲ್ಲಿ ಸಂಶೋಧಕರು ಅಂದಾಜು ಮಾಡಿದರು. ಅಂದಾಜಿಗೆ ಶರಣಾಗಬೇಕಾಗಿ ಬಂದದ್ದೇ ಲೆಕ್ಕದ ಕೊರತೆಗೆ ಸಾಕ್ಷಿ.

ಇದು ದೂರದ ಸಂಗತಿಯೆಂದು ನಾವು ಸುಮ್ಮನಿರುವಂತಿಲ್ಲ. 2004ರ ಒಪ್ಪಂದದಂತೆ ಭಾರತ ಕೊಂಡ 66 ಹಾಕ್ ತರಬೇತಿ ವಿಮಾನಗಳಲ್ಲಿ 42 ಬಿಎಇ ಪರವಾನಗಿಯ ಮೇರೆಗೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ನಿರ್ಮಾಣವಾದವು. ಅಂತಹ ಕಾರ್ಖಾನೆಗಳ ದುಡಿಮೆಯಿಂದ ಮಕ್ಕಳನ್ನು ಓದಿಸಿದ ಕುಟುಂಬಗಳು ನಮ್ಮ ಓದುಗರಲ್ಲಿಯೂ ಇರಬಹುದು. ಅವರ ಶ್ರಮ ಗೌರವಯುತವಾದದ್ದು. ನಾಡನ್ನು ಕಾಯುವುದು ನ್ಯಾಯಸಮ್ಮತ ಕರ್ತವ್ಯ. ನಮ್ಮ ಆಕ್ಷೇಪವಿರುವುದು ಅಪೂರ್ಣ ಲೆಕ್ಕದ ಬಗ್ಗೆ ಮಾತ್ರ.

ಯಾವುದೇ ವಸ್ತುವನ್ನು ಅರಿಯಬೇಕಾದರೆ ಅದು ಯಾವ ಉದ್ದೇಶಕ್ಕಾಗಿ ಇದೆಯೆಂಬುದನ್ನೂ ಕೇಳಬೇಕೆಂದು ಅರಿಸ್ಟಾಟಲ್ ಕಲಿಸಿದನು. ವಿಮಾನ ಇರುವುದು ಹಾರುವುದಕ್ಕಾಗಿ. ಹಾರಾಟದ ಹೊಗೆಯನ್ನು ಬದಿಗಿರಿಸಿ ಕಾರ್ಖಾನೆಯ ದೀಪಗಳ ವಿದ್ಯುತ್ತನ್ನಷ್ಟೇ ಎಣಿಸುವುದು, ಸಣ್ಣ ತಪ್ಪುಗಳನ್ನು ಹೇಳಿ ದೊಡ್ಡದನ್ನು ಮರೆಮಾಚುವ ಪಾಪನಿವೇದನೆಯಂತೆ. ತಯಾರಕರು ‘ಹಾರಿಸುವವರನ್ನು ಕೇಳಿ’ ಎನ್ನುತ್ತಾರೆ. ಸರ್ಕಾರಗಳು ‘ರಕ್ಷಣಾ ರಹಸ್ಯ’ ಎನ್ನುತ್ತವೆ. ಇಬ್ಬರ ನಡುವೆ ಹೊಗೆ ಅನಾಥವಾಗುತ್ತದೆ. ಅದರ ಫಲವನ್ನು ಉಣ್ಣುವವರು ಮಳೆಯನ್ನೇ ನಂಬಿದ ರೈತರು, ಕಡಲನ್ನೇ ನಂಬಿದ ಮೀನುಗಾರರು.

ದಿವಂಗತ ಪೋಪ್ ಫ್ರಾನ್ಸಿಸ್‌ರವರು 2015ರ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಸಮಾನ ಮನೆಯೆಂದು ಕರೆದು, ಯುದ್ಧವು ಪರಿಸರಕ್ಕೂ ಎಸಗುವ ಹಾನಿಯನ್ನು ನೆನಪಿಸಿದರು. ಸಮಾನ ಮನೆಯಲ್ಲಿ ಲೆಕ್ಕದ ಪುಸ್ತಕವೂ ಎಲ್ಲರೆದುರು ತೆರೆದಿರಬೇಕು. ಸೇನೆಗಳ ಉತ್ಸರ್ಜನೆಯನ್ನು ಸರ್ಕಾರಗಳು ಪ್ರಕಟಿಸಲಿ, ಮೂರನೆಯ ಭಾಗಕ್ಕೂ ತಯಾರಕರು ಸಮೀಪದ ಗಡುವನ್ನು ವಿಧಿಸಿಕೊಳ್ಳಲಿ ಎಂದು ಕೇಳುವುದು ದೇಶದ್ರೋಹವಲ್ಲ, ಪ್ರಜೆಯ ಹೊಣೆ. ಮಕ್ಕಳಿಗೆ ಗಡಿಯನ್ನು ಭದ್ರವಾಗಿ ಉಳಿಸಿಕೊಡುವ ನಾವು, ಆ ಗಡಿಯೊಳಗೆ ಬಾಳಲು ಯೋಗ್ಯವಾದ ನೆಲವನ್ನೂ ಉಳಿಸಿಕೊಡಬೇಕಲ್ಲವೆ?